ತಿಕೋಟಾದ ತಿಳಿ ಬಾಟಲಿ

"ನೋಡ್ರಿ ಮೇಡಂ, ನಿಮ್ಮ ಕಣ್ಣಿಂದ ನೀವ ನೋಡ್ರಿ! ಇದು ಔಷಧ ಏನ್ರಿ? ಬರೇ ನೀರು! ನನ್ನ ಮಗಳಿಗೆ ಇಂವ ನೀರು ಮಾರ್ಯಾನ!"

ಖಂಡಪ್ಪ ಕೂಗಿದ ರಭಸಕ್ಕೆ ಅಡುಗೆಮನೆಯ ಗೂಡಿನಲ್ಲಿ ಮಲಗಿದ್ದ ಬೆಕ್ಕು ಜಿಗಿದು ಹಿತ್ತಲಿಗೆ ಓಡಿತು. ಔಷಧ ನಿರೀಕ್ಷಕಿ ಸಂಘಮಿತ್ರಾ ಮಾತ್ರ ಅಲುಗಲಿಲ್ಲ. ಅವಳ ಕಣ್ಣು ಕಟ್ಟೆಯ ಮೇಲಿದ್ದ ಎರಡು ಬಾಟಲಿಗಳ ಮೇಲೆ ನೆಟ್ಟಿತ್ತು.

ದೊಡ್ಡದು ಈ ಮನೆಯದು, ತಿಕೋಟಾದ್ದು. ಸಣ್ಣದರಲ್ಲಿದ್ದದ್ದು ಬಬಲೇಶ್ವರದ ಮಾಬುಬಿ ಎಂಬವಳ ಮನೆಯಿಂದ ಬೆಳಿಗ್ಗೆ ಸಂಘಮಿತ್ರಾಳೇ ಕೇಳಿ ತಂದ ಸ್ವಲ್ಪ ಔಷಧ. ಎರಡೂ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಪಾತ್ರೆಯಲ್ಲಿ ತಯಾರಾದವು. ಬಬಲೇಶ್ವರದ್ದು ಹಾಲಿನ ಹಾಗೆ ಬೆಳ್ಳಗಿತ್ತು. ತಿಕೋಟಾದ್ದನ್ನು ಕಿಟಕಿಗೆ ಹಿಡಿದರೆ ಆಚೆಯ ಬೇವಿನ ಮರ ಎಲೆ ಎಲೆಯಾಗಿ ಕಾಣುತ್ತಿತ್ತು.

ಖಂಡಪ್ಪನ ನಾಲ್ಕು ವರ್ಷದ ಮಗಳು ಭಾಗ್ಯಾ ಹಿಂದಿನ ದಿನ ಫಿಟ್ಸ್ ಬಂದು ಬಿದ್ದವಳು ವಿಜಯಪುರದ ದವಾಖಾನೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ. ಅವಳು ಕುಡಿಯುತ್ತಿದ್ದ ಔಷಧದಲ್ಲೇ ಏನೋ ಇದೆ ಎಂದು ಊರಿಗೆ ಊರೇ ತೀರ್ಪು ಕೊಟ್ಟಾಗಿತ್ತು.

ತೀರ್ಪು ಕೊಡಿಸಿಕೊಂಡವನು ಹೊಸ್ತಿಲಲ್ಲಿ ನಿಂತಿದ್ದ. ಹೆಸರು ದೇವಾನಂದ. ಗೋಳಗುಮ್ಮಟದ ಹತ್ತಿರ ಅವನ ಔಷಧದ ಅಂಗಡಿ. ಗುಳಿಗೆ ನುಂಗಲಾರದ ಪುಟ್ಟ ಮಕ್ಕಳಿಗೆ ಬೇಕಾದಷ್ಟು ಸಣ್ಣ ಅಳತೆಯ ಔಷಧ ಎಲ್ಲ ವೇಳೆಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಆಗ ಡಾಕ್ಟರು ಚೀಟಿ ಬರೆದು ಇವನ ಹತ್ತಿರ ಕಳಿಸುತ್ತಾರೆ. ದೊಡ್ಡವರ ಗುಳಿಗೆಯನ್ನು ಕಲಬತ್ತಿನಲ್ಲಿ ನುಣ್ಣಗೆ ಅರೆದು, ಸಿಹಿ ಪಾಕದಲ್ಲಿ ಕಲಸಿ, ಆ ಮಗುವಿನ ಹೆಸರಿನಲ್ಲೇ ಬಾಟಲಿ ತುಂಬಿ ಕೊಡುವ ಕೆಲಸ ಅವನದು. ಈ ಕಡೆಯ ಎಷ್ಟೋ ತಾಯಂದಿರಿಗೆ ಅವನು ದೇವರಂಥವನಾಗಿದ್ದ. ನಿನ್ನೆಯವರೆಗೆ.

"ಲೇ ದೇವಾನಂದಾ, ಮೇಡಂ ಇರಲಿಲ್ಲಂದ್ರ ಇಷ್ಟೊತ್ತಿಗೆ ನಿನ್ನ…"

"ಖಂಡಪ್ಪನವರ, ಹೊಡೆದಾಟ ಆಮ್ಯಾಲ" ಎಂದಳು ಸಂಘಮಿತ್ರಾ. "ಮೊದಲ ನಿಮ್ಮ ಮಗಳು ಕಣ್ಣ ತೆರೀಲಿ."

ಕೂಗುವ ಗಂಡಸರನ್ನು ಸುಮ್ಮನಾಗಿಸುವ ವಿದ್ಯೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವರಿಗಿಂತ ಮೆಲ್ಲಗೆ ಮಾತಾಡುವುದು, ಅಷ್ಟೇ.

ಅವಳ ಫೋನು ರಿಂಗಾಯಿತು. ಮಗುವನ್ನು ನೋಡುತ್ತಿದ್ದ ಡಾಕ್ಟರ್ ಶಕೀಲ.

"ಮೇಡಂ, ಏನರ ಗೊತ್ತಾತೇನ್ರಿ? ರಕ್ತದ ರಿಪೋರ್ಟ್ ಹೊರಗಿಂದ ಬರಬೇಕು, ನಾಳಿ ಆಗ್ತದ. ಅಲ್ಲೀತನಕ ಕಾಯಾಕ ಆಗೂದಿಲ್ಲ. ಫಿಟ್ಸ್ ಮತ್ತ ಮತ್ತ ಬರಾಕತ್ತಾವ."

"ನಿಮಗ ಏನು ಗೊತ್ತಾಗಬೇಕು, ಅದನ್ನ ಹೇಳ್ರಿ."

"ಆ ಬಾಟ್ಲ್ಯಾಗ ಔಷಧ ಕಡಿಮಿ ಇತ್ತು ಅಂತ ಖಾತ್ರಿ ಆದ್ರ, ಅದ ಔಷಧ ಈಗಿಂದೀಗ ಸೂಜಿ ಮಾಡಿ ಕೊಡ್ತೀನಿ, ಕೂಸು ಉಳೀತದ. ಆದ್ರ ಹೆಚ್ಚಾಗಿದ್ರ, ಇಲ್ಲಾ ಬ್ಯಾರೆ ಏನರ ಕೂಡಿದ್ರ, ನಾ ಕೊಡೂ ಸೂಜಿನ ಅಕಿ ಉಸಿರ ನಿಲ್ಲಸ್ತದ. ಊಹಾ ಬ್ಯಾಡ್ರಿ, ಖಾತ್ರಿ ಬೇಕು. ಜಲ್ದಿ."

ಸಂಘಮಿತ್ರಾ ಫೋನು ಇಟ್ಟಳು. ಕಳ್ಳನನ್ನು ಹಿಡಿಯುವುದು ಅವಳಿಗೆ ಹೊಸದಲ್ಲ. ಹಿಡಿಯುವುದು ತಡವಾದರೆ ಮಗು ಹೋಗುತ್ತದೆ ಎಂಬುದು ಹೊಸದು.

"ದೇವಾನಂದ, ಒಳಗ ಬರ್ರಿ. ಪಾತ್ರಿ ಒಂದ, ಬಾಟ್ಲಿ ಎರಡು. ಮೊದಲ ಯಾವುದನ್ನ ತುಂಬಿದ್ರಿ?"

"ಭಾಗ್ಯಾಂದ್ರಿ. ಆಮ್ಯಾಲ ಬಬಲೇಶ್ವರದ ಮಾಬುಬಿ ಮಗಳು ಸುರೈಯಾಂದು."

"ಎರಡರ ನಡುವ ಕೈ ಆಡಿಸಿದ್ರೋ, ಇಲ್ಲಾ ಫೋನ್ ಬಂತು ಅಂತ ಹಂಗ ಬಿಟ್ಟು ಹ್ವಾದ್ರೋ?"

ದೇವಾನಂದನಿಗೆ ಪ್ರಶ್ನೆಯ ಮೊನೆ ಚುಚ್ಚಿತು. ಪುಡಿ ಪಾತ್ರೆಯ ತಳಕ್ಕೆ ಇಳಿದಿದ್ದರೆ ಮೊದಲ ಬಾಟಲಿಗೆ ಬರೀ ಪಾಕ, ಎರಡನೆಯದಕ್ಕೆ ಎಲ್ಲ ಔಷಧ. "ತಿರವಿಕೋತ ತುಂಬೇನ್ರಿ. ಎಂದೂ ಹಂಗ ಬಿಟ್ಟಿಲ್ಲ" ಎಂದ. ಧ್ವನಿ ಮಾತ್ರ ಅಷ್ಟು ಗಟ್ಟಿಯಾಗಿರಲಿಲ್ಲ.

"ಸುಳ್ಳ!" ಎಂದ ಖಂಡಪ್ಪ. "ಬಬಲೇಶ್ವರದವರಿಗೆ ಔಷಧ, ನಮಗ ನೀರು!"

ಸಂಘಮಿತ್ರಾ ತಲೆ ಅಲ್ಲಾಡಿಸಿದಳು. ಖಂಡಪ್ಪ ಹೇಳಿದಂತೆ ಆಗಿದ್ದರೆ ಸುರೈಯಾಳ ಪಾಲಿಗೆ ಎರಡು ಪಟ್ಟು ಔಷಧ ಬಂದಿರಬೇಕು. ಅಷ್ಟು ಕುಡಿದ ಮಗು ತೂಕಡಿಸುತ್ತ ಬಿದ್ದಿರಬೇಕು. ಆದರೆ ಬೆಳಿಗ್ಗೆ ಅವಳು ಕಂಡ ಸುರೈಯಾ ಅಂಗಳದ ತುಂಬ ಕೋಳಿಯನ್ನು ಅಟ್ಟಿಸಿಕೊಂಡು ಓಡುತ್ತಿದ್ದಳು. ಬಾಟಲಿ ಕೇಳಿದ್ದಕ್ಕೆ "ನನ್ನ ದವಾ ಕೊಡೂದಿಲ್ಲ" ಎಂದು ಇನ್‌ಸ್ಪೆಕ್ಟರಿಗೇ ನಾಲಿಗೆ ಚಾಚಿದ್ದಳು. ಮಾಬುಬಿ ಬಾಟಲಿಯನ್ನು ಗದಗದ ಅಲ್ಲಾಡಿಸಿ, ನೊರೆ ಬರಿಸಿ, ಆಮೇಲೆ ಶೀಶೆಗೆ ಹಾಕಿ ಕೊಟ್ಟಿದ್ದಳು.

ಹಾಗಾದರೆ ಪಾತ್ರೆಯ ತಪ್ಪಲ್ಲ. ಸಂಘಮಿತ್ರಾ ತಿಕೋಟಾದ ಬಾಟಲಿಯನ್ನು ಅದೇ ರೀತಿ ಅಲ್ಲಾಡಿಸಿದಳು. ನಾಲ್ಕು ಗುಳ್ಳೆ ಎದ್ದು ಒಡೆದವು. ಬೆಳ್ಳಗಾಗಲಿಲ್ಲ.

ಪರೀಕ್ಷೆಗೆ ಕಳಿಸಬೇಕಾದ ಪಾಲನ್ನು ಮೊದಲು ಬೇರೆ ಮಾಡಿ ಮೊಹರು ಹಾಕಿದಳು. ಆಮೇಲೆ ಇಲಾಖೆಯ ನಿಯಮ ಒಪ್ಪದ ಒಂದು ಕೆಲಸ ಮಾಡಿದಳು. ಎರಡೂ ಬಾಟಲಿಗಳಿಂದ ಬೆರಳ ತುದಿಗೆ ಒಂದೊಂದು ಹನಿ ತೆಗೆದುಕೊಂಡು ಮೂಸಿ, ನಾಲಿಗೆಗೆ ಮುಟ್ಟಿಸಿದಳು.

"ಕಿತ್ತಳಿ ವಾಸನಿ" ಎಂದಳು. "ಬಬಲೇಶ್ವರದ್ದಕ್ಕೂ ಇದ ವಾಸನಿ. ಅದು ಸಿಹಿ ಆಗಿ ಹಿಂದಿಂದ ಕಹಿ ಹತ್ತತೈತಿ. ಇದು ಬರೇ ಸಿಹಿ."

"ನನ್ನ ಪಾಕನ ಹೌದ್ರಿ ಅದು" ಎಂದ ದೇವಾನಂದ. ಅವನ ಮುಖದ ಮೇಲೆ ಅಚ್ಚರಿ ಮತ್ತು ಭಯ ಎರಡೂ ಇದ್ದವು. "ಕಿತ್ತಳಿ ವಾಸನಿ ನಾನ ಹಾಕೂದು. ಆದ್ರ ಪುಡಿ ಎಲ್ಲಿ ಹೋತ್ರಿ? ಪುಡಿ ಗಾಳ್ಯಾಗ ಹಾರಿ ಹೋಗೂದಿಲ್ಲ!"

ಸಂಘಮಿತ್ರಾ ಬಾಟಲಿಯನ್ನು ಬೋರಲು ಮಾಡಿ ತಳವನ್ನು ಕಿಟಕಿಗೆ ಹಿಡಿದಳು. ತಳದ ಅಂಚಿನಲ್ಲಿ, ಗಾಜಿನ ಒಳಗೆ, ದಾರದಷ್ಟು ತೆಳುವಾದ ಬಿಳಿ ಗೆರೆಯೊಂದು ಸುತ್ತಿಕೊಂಡಿತ್ತು.

ಪುಡಿ ಈ ಬಾಟಲಿಯಲ್ಲಿ ಇತ್ತು, ತಳದಲ್ಲಿ ಕೂತಿತ್ತು. ಯಾರೋ ಅದನ್ನು ತೆಗೆದಿದ್ದಾರೆ. ಅಂಗಡಿಯಲ್ಲಿ ತೆಗೆಯುವವನಾಗಿದ್ದರೆ ಹಾಕುತ್ತಲೇ ಇರಲಿಲ್ಲ. ಹಾಗಾದರೆ ತೆಗೆದದ್ದು ಇಲ್ಲಿ, ಈ ಮನೆಯಲ್ಲಿ.

ಅವಳು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಖಂಡಪ್ಪ ಮನೆಯ ಹಂಚು ಹಾರಿಸುತ್ತಿದ್ದ.

ಮನೆಯಲ್ಲಿ ಇರುವವರು ಯಾರು? ಖಂಡಪ್ಪ ಬೆಳಗಾದರೆ ಹೊಲಕ್ಕೆ ಹೋಗುವವನು. ಅವನ ಹೆಂಡತಿ ಚಂದ್ರಕಲಾ ದವಾಖಾನೆಯಲ್ಲಿ ಮಗಳ ಕೈ ಹಿಡಿದು ಕೂತಿದ್ದಳು. "ಬಾಟ್ಲಿ ಮ್ಯಾಲ ಬರದಿತ್ತಲ್ರಿ, ಒಂದ ಸಲನೂ ಅಲ್ಲಾಡಸದ ಕುಡಸಿಲ್ರಿ" ಎಂದು ಬೆಳಿಗ್ಗೆ ಅವಳು ಅತ್ತದ್ದು ಸುಳ್ಳು ಅಳುವಾಗಿರಲಿಲ್ಲ. ಉಳಿದವಳು ಖಂಡಪ್ಪನ ತಾಯಿ ಗುರುಬಾಯಿ.

ಗುರುಬಾಯಿ ಇಷ್ಟು ಹೊತ್ತೂ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಯಾರ ಮಾತಿಗೂ ಹ್ಞೂಂ ಎಂದಿರಲಿಲ್ಲ. ಬೆಣ್ಣೆ ಕಾಯಿಸುತ್ತಿದ್ದಳು. ಸಂಕಟ ಬಂದಾಗ ಕೆಲವರು ಅಳುತ್ತಾರೆ, ಕೆಲವರು ಬೈಯುತ್ತಾರೆ. ಗುರುಬಾಯಿ ಕೆಲಸ ಮಾಡುವ ಜಾತಿಯವಳು.

"ಯಾರಿಗೆ ಆಯಿ, ತುಪ್ಪ?" ಸಂಘಮಿತ್ರಾ ಅವಳ ಪಕ್ಕದಲ್ಲಿ ನೆಲಕ್ಕೆ ಕೂತಳು.

"ನನ್ನ ಮೊಮ್ಮಗಳಿಗಿ. ಬಂದ ಕೂಡ್ಲೇ ಬಿಸಿ ರೊಟ್ಟಿ ತುಪ್ಪ ಕೇಳ್ತಾಳಕಿ." ಮುದುಕಿ ತಲೆ ಎತ್ತಲಿಲ್ಲ. ಆದರೆ 'ಬಂದ ಕೂಡಲೇ' ಎಂದಳು, 'ಬಂದರೆ' ಎನ್ನಲಿಲ್ಲ. ಸಂಘಮಿತ್ರಾಳಿಗೆ ಅವಳ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು.

ತುಪ್ಪ ಹದಕ್ಕೆ ಬಂದಿತ್ತು. ಗುರುಬಾಯಿ ಪಾತ್ರೆಯನ್ನು ಇಳಿಸಿ, ಸ್ವಲ್ಪ ಹೊತ್ತು ಅಲುಗದಂತೆ ಬಿಟ್ಟಳು. ಆಮೇಲೆ ಸೆರಗಿನಿಂದ ಹಿಡಿದು, ಮೆಲ್ಲಗೆ ವಾರೆ ಮಾಡಿ, ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಡಬ್ಬಿಗೆ ಇಳಿಸಿದಳು. ಒಂದು ಕಾಳಷ್ಟು ಗಸಿಯೂ ಜೊತೆಗೆ ಬೀಳಲಿಲ್ಲ. ಅದು ಆ ಕೈ ಸಾವಿರ ಸಲ ಮಾಡಿದ ಕೆಲಸ.

ಸಂಘಮಿತ್ರಾ ಆ ಕೈಯನ್ನೇ ನೋಡುತ್ತಿದ್ದಳು.

"ಆಯಿ" ಎಂದಳು, ಬಹಳ ಮೆತ್ತಗೆ. "ಭಾಗ್ಯಾನ ಔಷಧದ್ದೂ ತಿಳಿ ತಗದ್ರೇನು?"

ಗುರುಬಾಯಿಯ ಕೈ ನಿಂತಿತು.

"ಏನಂತೀರಿ ಅಕ್ಕಾರ?" ಅವಳು ಗಕ್ಕನೆ ತಿರುಗಿದಳು. ಕಣ್ಣು ಕೆಂಪಾಗಿದ್ದವು. "ನಾ ನನ್ನ ಕೂಸಿಗೆ ವಿಷ ಹಾಕೇನಿ ಅಂತೀರೇನು? ಅಂಗಡ್ಯಾವನ ಬಿಟ್ಟು ನನ್ನ ಕೊಳ್ಳಿಗೆ ಹಗ್ಗಾ ಹಾಕಾಕ ಬಂದೀರೇನು?"

"ವಿಷ ಅನ್ನಲಿಲ್ಲ ಆಯಿ. ತಿಳಿ ಅಂದೆ."

"ನಾ ಏನೂ ಮಾಡಿಲ್ಲ!"

"ಮೇಡಂ, ನಮ್ಮವ್ವನ ತಂಟೆಗೆ ಬರಬ್ಯಾಡ್ರಿ" ಎಂದು ಖಂಡಪ್ಪ ಮುಂದೆ ಬಂದ. ಸಂಘಮಿತ್ರಾ ಅವನ ಕಡೆ ನೋಡಲೂ ಇಲ್ಲ. ಮುದುಕಿಯ ಒರಟು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆಯಿ, ಈಗ ದವಾಖಾನ್ಯಾಗ ಡಾಕ್ಟರ್ ಸೂಜಿ ಕೈಯಾಗ ಹಿಡಕೊಂಡು ನಿಂತಾರ. ಕೊಡಬೇಕೋ ಬ್ಯಾಡೋ ಅವರಿಗೆ ತಿಳೀವಲ್ದು. ನೀವು ಖರೇ ಹೇಳಿದ್ರ ಭಾಗ್ಯಾ ಉಳೀತಾಳ. ನಿಮ್ಮನ್ನ ಯಾರೂ ಏನೂ ಅನ್ನೂದಿಲ್ಲ, ಅನ್ನಾಕ ನಾ ಬಿಡೂದಿಲ್ಲ. ಆ ಬಾಟ್ಲಿ ಮನಿಗೆ ಬಂದ ದಿನ ಏನಾತು?"

ಗುರುಬಾಯಿಯ ಸಿಟ್ಟೆಲ್ಲ ಕರಗಿ ಕಣ್ಣೀರಾಗಿ ಇಳಿಯಿತು.

"ಮೊದಲಿನ ಬಾಟ್ಲಿ ಛಲೋ ಇತ್ರಿ, ಕುಡೀತಿದ್ಲು. ಈ ಸಲದ್ದು ನಾಲಿಗಿಗೆ ಉಸುಕ ಹತ್ತಿದಂಗ ಆಗತೈತಿ ಅಂತ ಮೊದಲನೇ ಚಮಚಾನ ವಾಂತಿ ಮಾಡಿದ್ಲು. ಮರುದಿನ ಮುಂಜಾನೆ ನೋಡಿದ್ರ ಬಾಟ್ಲಿ ತಳದಾಗ ಇಷ್ಟು ಗಸಿ ಕೂತಿತ್ತು. ಮ್ಯಾಲ ನೋಡಿದ್ರ ಕನ್ನಡಿ ಆಗಿತ್ತು. ಎಣ್ಣಿ ಇರಲಿ, ತುಪ್ಪ ಇರಲಿ, ಕೂಸಿಗೆ ಗಸಿ ಯಾರರ ಕೊಡ್ತಾರೇನ್ರಿ? ತಿಳಿ ಅಷ್ಟ ತಗದು, ಬಾಟ್ಲಿ ಸ್ವಚ್ಛ ತೊಳದು, ಮತ್ತ ತಿಳಿ ಅದರಾಗ ಹಾಕಿಟ್ಟೆ. ಆಮ್ಯಾಲ ಒಂದ ಸಲನೂ ವಾಂತಿ ಆಗಲಿಲ್ರಿ. ಛಲೋ ಆತು ಅಂತ ಕೈ ಮುಗದೆ."

ಚಂದ್ರಕಲಾ ದಿನವೂ ಮರೆಯದೆ ಅಲ್ಲಾಡಿಸಿದ್ದು ಬರೀ ಸಕ್ಕರೆ ಪಾಕವನ್ನು. ಬಾಟಲಿಯ ಮೇಲೆ ಅಲ್ಲಾಡಿಸಿ ಎಂದು ಬರೆದಿತ್ತೇ ಹೊರತು ಗಸಿಯೇ ಔಷಧ ಎಂದು ಬರೆದಿರಲಿಲ್ಲ.

"ಯವ್ವಾ… ಎಂಥಾ ಕೆಲಸ ಮಾಡಿದಿ ಬೇ…" ಖಂಡಪ್ಪ ಗೋಡೆಗೆ ಒರಗಿ ಕುಸಿದ.

ಸಂಘಮಿತ್ರಾ ಆಗಲೇ ಫೋನು ಹಚ್ಚಿದ್ದಳು. "ಡಾಕ್ಟರ್, ಕಡಿಮಿ. ಕಡಿಮಿ ಅಂದ್ರ ಏನೂ ಇಲ್ಲ. ಬ್ಯಾರೆ ಏನೂ ಕೂಡಿಲ್ಲ, ಬರೇ ಸಕ್ರಿ ಪಾಕ. ತಗದವರ ಬಾಯಿಂದನ ಕೇಳೇನಿ, ಬಾಟ್ಲ್ಯಾಗ ಗುರುತೂ ಐತಿ. ಕೊಡ್ರಿ."

"ಸಾಕು" ಎಂದರು ಶಕೀಲ. ಫೋನು ಕಟ್ಟಾಯಿತು.

ಆ ನಂತರದ ಹೊತ್ತು ಇದೆಯಲ್ಲ, ಅದು ಯಾರಿಗೂ ಬೇಡ. ಗುರುಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಖಂಡಪ್ಪ ತಾಯಿಯ ಹತ್ತಿರ ಹೋಗುತ್ತಿದ್ದ, ಹಿಂದೆ ಬರುತ್ತಿದ್ದ. ಬೈಯಬೇಕೋ ಸಮಾಧಾನ ಮಾಡಬೇಕೋ ಅವನಿಗೇ ಗೊತ್ತಿರಲಿಲ್ಲ.

ಸಂಘಮಿತ್ರಾ ದೇವಾನಂದನನ್ನು ಹಿತ್ತಲಿಗೆ ಕರೆದಳು. ಅವನು ಬಿಡುಗಡೆಯ ಉಸಿರು ಬಿಡುತ್ತಿದ್ದ.

"ಇನ್ನೂ ನಗಬ್ಯಾಡ್ರಿ" ಎಂದಳು. "ಮೊದಲಿನ ಬಾಟ್ಲಿ ಛಲೋ ಇತ್ತು ಅಂದ್ಲು ಆಯಿ. ಈ ಸಲದ ಪುಡಿ ಒಂದ ರಾತ್ರ್ಯಾಗ ತಳಕ್ಕ ಯಾಕ ಕೂತಿತು? ನಾಲಿಗಿಗೆ ಉಸುಕಿನಂಗ ಯಾಕ ಹತ್ತಿತು?"

ದೇವಾನಂದ ನೆಲ ನೋಡಿದ. "ಪುಡೀನ ಮ್ಯಾಲ ತೇಲಿಸಿ ಹಿಡಿಯೂ ದಪ್ಪನ್ನ ಪಾಕ ಒಂದ ಇರತೈತ್ರಿ. ಈ ಸಲ ಅದು ಬರಲಿಲ್ಲ. ಎರಡೂ ಮಕ್ಕಳ ಔಷಧ ಮುಗದಿತ್ತು, ತಾಯಂದ್ರು ಬಂದು ಕೂತಿದ್ರು. ಸಾದಾ ಸಕ್ರಿ ಪಾಕದಾಗ ಮಾಡಿಬಿಟ್ಟೆ. ಗುಳಿಗಿ ಅರೆಯೂದೂ ಅವಸರ ಆತು. ಅಲ್ಲಾಡಿಸಿ ಕುಡಸ್ರಿ ಅಂತ ಹೇಳಿದ್ರ ಸಾಕು ಅನ್ಕೊಂಡೆ."

"ಪಾಕ ಬದಲಾಗೇತಿ ಅಂತ ಡಾಕ್ಟರಿಗೆ ಹೇಳಿದ್ರಿ?"

"ಇಲ್ರಿ."

"ಮನಿಯವರಿಗೆ? ತಳಕ್ಕ ಕೂಡ್ರತೈತಿ, ಅದನ್ನ ತಗೀಬ್ಯಾಡ್ರಿ ಅಂತ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಸಂಘಮಿತ್ರಾಳಿಗೆ ಸಿಟ್ಟು ಬಂತು. ಒಳ್ಳೆಯವರ ಮೇಲೆ ಬರುವ ಸಿಟ್ಟು, ಅದಕ್ಕೇ ಸ್ವಲ್ಪ ಹೆಚ್ಚೇ ಬಂತು. ವಿಷ ಹಾಕಿದವನು ಸಿಕ್ಕರೆ ಜೈಲಿಗೆ ಕಳಿಸಬಹುದು. ಪ್ರೀತಿ ಮಾಡಿದ ಅಜ್ಜಿಯನ್ನೂ ಅವಸರ ಮಾಡಿದ ಔಷಧದವನನ್ನೂ ಎಲ್ಲಿಗೆ ಕಳಿಸುವುದು?

"ಸುರೈಯಾನ ಬಾಟ್ಲಿ ಇವತ್ತ ವಾಪಸ್ ತರಿಸಿ, ದಪ್ಪ ಪಾಕದಾಗ ಹೊಸದು ಮಾಡಿ ಕೊಡಬೇಕು. ಪಾಕ ನಾ ತರಸ್ತೀನಿ. ಮುಂದ ನಿಂತು ನೋಡ್ತೀನಿ. ಅದು ಸರಿ ಬರೂತನಕ ಬ್ಯಾರೆ ಯಾವ ಮಕ್ಕಳ ಬಾಟ್ಲೀನೂ ನಿಮ್ಮ ಅಂಗಡಿ ದಾಟಬಾರದು. ಅಂಗಡಿ ಮುಚ್ಚಸೂದಿಲ್ಲ. ಮುಚ್ಚಿಸಿದ್ರ ಆ ಮಕ್ಕಳು ಎಲ್ಲಿಗೆ ಹೋಗಬೇಕು?"

ದೇವಾನಂದ ಕೈ ಮುಗಿಯಲು ಹೋದ. ಅಷ್ಟರಲ್ಲಿ ಒಳಗಿನಿಂದ ಖಂಡಪ್ಪನ ಕೂಗು ಕೇಳಿತು. ಈ ಸಲದ ಕೂಗು ಬೇರೆ ಥರದ್ದು.

ಚಂದ್ರಕಲಾಳ ಫೋನು. ಖಂಡಪ್ಪ ಅದನ್ನು ಎಲ್ಲರಿಗೂ ಕೇಳುವಂತೆ ಎತ್ತಿ ಹಿಡಿದಿದ್ದ.

"…ಫಿಟ್ಸ್ ನಿಂತಾವ್ರಿ! ಕಣ್ಣ ತೆರದಾಳ! ಡಾಕ್ಟರು ಇನ್ನ ಹೆದರಿಕಿಲ್ಲ ಅಂದ್ರು. ಅತ್ತಿ, ಕೇಳಾಕತ್ತೀರೇನು? ಆಯಿ ಎಲ್ಲಿ ಅಂತ ಕೇಳ್ತಾಳ್ರಿ ನಿಮ್ಮನ್ನ!"

ಗುರುಬಾಯಿ ಗಟ್ಟಿಯಾಗಿ ಅತ್ತಳು. ಖಂಡಪ್ಪ ಬೈಯುವುದೋ ಬೇಡವೋ ಎಂಬ ಲೆಕ್ಕವನ್ನೆಲ್ಲ ಬಿಟ್ಟು ತಾಯಿಯನ್ನು ತಬ್ಬಿಕೊಂಡ. ಆಮೇಲೆ ಎದ್ದು, ಮೂಗು ಒರೆಸಿಕೊಂಡು, ದೇವಾನಂದನ ಮುಂದೆ ನಿಂತ. ಏನು ಹೇಳಬೇಕೋ ತಿಳಿಯದೆ, "ಚಾ ಕುಡದು ಹೋಗ್ರಿ" ಎಂದ. ಬೆಳಿಗ್ಗೆ ಇದೇ ಕೈ ಆ ಮನುಷ್ಯನ ಕೊರಳಪಟ್ಟಿ ಹಿಡಿದಿತ್ತು.

ಚಹಾ ಬಂತು. ಸಂಘಮಿತ್ರಾಳಿಗೆ ಮೊದಲ ಸಲ ಹಸಿವೆಯ ನೆನಪಾಯಿತು. ಇನ್ನು ಉಳಿದದ್ದು ಒಂದೇ ಕೆಲಸ. ಪರೀಕ್ಷೆಗೆ ಪಾಕದ ಜೊತೆ ಆ ಪುಡಿಯೂ ಒಂದಿಷ್ಟು ಸಿಕ್ಕರೆ ವರದಿ ಗಟ್ಟಿಯಾಗುತ್ತದೆ.

"ಆಯಿ, ಆ ಗಸಿ ಎಲ್ಲಿ ಚೆಲ್ಲಿದ್ರಿ? ಹಿತ್ತಲದಾಗೇನು? ಮಣ್ಣಾಗ ಸಿಕ್ರೂ ಸಾಕು."

ಗುರುಬಾಯಿ ಕಣ್ಣು ಒರೆಸಿಕೊಂಡು ಅವಳತ್ತ ನೋಡಿದಳು, ಇದೆಂಥ ಪ್ರಶ್ನೆ ಎನ್ನುವ ಹಾಗೆ.

"ಚೆಲ್ಲೂದ್ಯಾಕ್ರಿ? ಡಾಕ್ಟರ್ ಬರದ ಔಷಧ. ಸಣ್ಣ ಕೂಸಿಗೆ ಆಗಲಿಲ್ಲಂದ್ರ ದೊಡ್ಡ ಹುಡುಗರಿಗೆ ಆಗತೈತಿ ಅಂತ ಬ್ಯಾರೆ ಬಾಟ್ಲ್ಯಾಗ ಹಾಕಿಟ್ಟಿದ್ದೆ. ಮೊನ್ನಿ ಕನಮಡಿಯಿಂದ ಅಳಿಯ ಸೋಮು ಬಂದಿದ್ದ. ಅವನ ಮಗ ಮಾಳೂಗೂ ಒಮ್ಮೆ ಜ್ವರದಾಗ ಫಿಟ್ಸ್ ಬಂದಿತ್ತು. ಮತ್ತ ಜ್ವರ ಬಂದ್ರ ಒಂದ ಚಮಚಾ ಕುಡಸಪಾ ಅಂತ ಕೊಟ್ಟ ಕಳಿಸೇನಿ."

ದೇವಾನಂದನ ಕೈಯಲ್ಲಿದ್ದ ಚಹಾದ ಬಸಿ ಜಾರಿ ಬಿತ್ತು. "ಒಂದ ಬಾಟ್ಲಿ ಪೂರಾ ಔಷಧ ಅದರಾಗ ಐತ್ರಿ ಮೇಡಂ" ಎಂದ. "ಒಂದ ಚಮಚಾ ಅಂದ್ರ… ಎಷ್ಟೋ ದಿನದ್ದು ಒಮ್ಮೆಲೆ ಕೊಟ್ಟಂಗ."

"ಫೋನ್ ಹಚ್ಚ್ರಿ! ಅಪ್ಪು, ಗಾಡಿ ತೆಗಿ!" ಸಂಘಮಿತ್ರಾ ಡ್ರೈವರನಿಗೆ ಕೂಗುತ್ತಲೇ ಚಪ್ಪಲಿ ಮೆಟ್ಟಿದಳು.

ಖಂಡಪ್ಪ ಹಚ್ಚಿ ಕೊಟ್ಟ ಫೋನಿನಲ್ಲಿ ಸೋಮುವಿನ ದನಿ ಆರಾಮವಾಗಿತ್ತು. ಹಿಂದೆ ಎಲ್ಲೋ ಕುರಿಗಳು ಒದರುತ್ತಿದ್ದವು.

"ಅತ್ತಿ ಕೊಟ್ಟ ಔಷಧೇನ್ರಿ? ಹ್ಞೂಂ, ಮಾಳೂಗ ನಿನ್ನಿ ಜ್ವರ ಬಂತು. ಮುಂಜಾನೆ ಒಂದ ಚಮಚಾ ಹಾಕೀವಿ. ಭಾಳ ಛಲೋ ಔಷಧ ಬಿಡ್ರಿ, ಫಿಟ್ಸೂ ಇಲ್ಲ ಏನೂ ಇಲ್ಲ. ಆಗಿಂದ ಎಷ್ಟ ಛಲೋ ನಿದ್ದಿ ಹತ್ತೈತಿ ನೋಡ್ರಿ."

"ಸೋಮು, ನಾ ಹೇಳಿದಷ್ಟ ಮಾಡ್ರಿ. ಉಸಿರಾಡಾಕತ್ತಾನೇನು?"

"ಅದ್ಯಾಕ್ರಿ ಹಂಗ ಕೇಳ್ತೀರಿ… ಆಡಾಕತ್ತಾನ್ರಿ. ಮೆಲ್ಲಕ."

"ಹಂಗಾರ ಟೈಮ್ ಐತಿ. ಇನ್ನೊಂದ ಹನಿ ಕೊಡಬ್ಯಾಡ್ರಿ. ಪಕ್ಕಕ್ಕ ಹೊಳ್ಳಿಸಿ ಮಲಗಸ್ರಿ. ಯಾರ ಕೈಲಾದ್ರೂ ಅಂಬುಲೆನ್ಸ್‌ಗೆ ಹೇಳಸ್ರಿ, ನಾನೂ ಹೊಂಟೀನಿ. ಈಗ ಅವನ್ನ ಎಬ್ಬಸ್ರಿ. ಹೆಸರ ಹಿಡದು ಕರೀರಿ."

ಗಾಡಿ ತಿಕೋಟಾದ ಓಣಿಯಿಂದ ಕನಮಡಿ ರಸ್ತೆಗೆ ಹೊರಳಿತು. ಹಿಂದಿನ ಸೀಟಿನಲ್ಲಿ ದೇವಾನಂದ ಡಾಕ್ಟರ್ ಶಕೀಲರಿಗೆ ಫೋನು ಹಚ್ಚಿ ಅಳತೆ ಒಪ್ಪಿಸುತ್ತಿದ್ದ. ಸಂಘಮಿತ್ರಾ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು.

"ಮಾಳ್ಯಾ… ಏ ಮಾಳ್ಯಾ… ಏಳಪಾ, ಮಾಮಾನ ಊರಿಂದ ಫೋನ್ ಬಂದೈತಿ ನೋಡು… ಮಾಳ್ಯಾ!"

ಕರೆಯುವ ದನಿ ಒಂದೊಂದು ಸಲಕ್ಕೂ ಏರುತ್ತ ಹೋಯಿತು. ಒಮ್ಮೆಲೇ ನಿಂತಿತು.

"ಮೇಡಂ" ಎಂದ ಸೋಮು. ಈಗ ಆ ದನಿ ಆರಾಮವಾಗಿರಲಿಲ್ಲ. "ಏಳವಲ್ಲರಿ."